ಯಮನಮ್ಮನ ದೀಡ ನಮಸ್ಕಾರ

ಗೊರೇಬಾಳದ ಯಮನಮ್ಮ ಸುಮ್ಮನೆ ಕೂತಿದ್ದನ್ನು ಕಂಡವರು ಊರಲ್ಲಿ ಯಾರೂ ಇಲ್ಲ. ಐವತ್ತು ದಾಟಿದರೂ ನಾಟಿ ಗದ್ದೆಗೆ ಮೊದಲು ಇಳಿಯುವವಳು ಅವಳೇ, ಕೊನೆಗೆ ಮೇಲೆ ಬರುವವಳೂ ಅವಳೇ. ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದರೆ ಸಾಕು, ಗೊರೇಬಾಳದಿಂದ ಜವಳಗೇರಾದವರೆಗೆ ಯಾರ ಮಡಿಯಲ್ಲಿ ಸಸಿ ಎಷ್ಟುದ್ದ ಬಂದಿದೆ ಎಂಬುದು ಗದ್ದೆಯ ಧಣಿಗಿಂತ ಮೊದಲು ಅವಳಿಗೆ ಗೊತ್ತು. ಮೈಗಳ್ಳರನ್ನು ಕಂಡರೆ ಅವಳಿಗಾಗದು. "ಬೆನ್ನು ನೋಯ್ತೈತಂತ! ನಿನ್ನ ಬೆನ್ನೇನು ಬೆಣ್ಣೀದೇನು?" ಎಂದು ಹೊಸ ಹುಡುಗಿಯರನ್ನು ಗದರುತ್ತಾಳೆ. ಆಮೇಲೆ ಅವರ ಸಾಲು ಹಿಂದೆ ಬಿದ್ದರೆ ಬೈಯುತ್ತ ಬೈಯುತ್ತಲೇ ತಾನೇ ಹೋಗಿ ಸಸಿ ಹಚ್ಚಿ ಮುಗಿಸಿ ಬರುತ್ತಾಳೆ.

ಇಂಥ ಹೆಂಗಸಿಗೆ ಒಬ್ಬರು ಬಂದು "ನೀ ಏನೂ ಮಾಡಬೇಡ, ನಂಬಿದರೆ ಸಾಕು" ಎಂದರೆ ಏನಾಗಬೇಡ? ತಲೆ ಕೆಟ್ಟುಹೋಯಿತು, ಅಷ್ಟೇ. ಆದರೆ ಅದಕ್ಕೂ ಮೊದಲಿನ ಒಂದು ಸಂಗತಿ ಹೇಳಬೇಕು. ಅದಿಲ್ಲದಿದ್ದರೆ ಅವಳು ಆ ಮಾತಿಗೆ ಕಿವಿಯನ್ನೇ ಕೊಡುತ್ತಿರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಯಮನಮ್ಮನ ತಂಗಿ ನಾಗವೇಣಿ, ಗಂಡ ಬಿಟ್ಟುಹೋದ ಮೇಲೆ, ಮೂರು ವರ್ಷದ ಮಗಳು ಮಹೇಶ್ವರಿಯನ್ನು ಕರೆದುಕೊಂಡು ಅಕ್ಕನ ಮನೆಗೇ ಬಂದಿದ್ದಳು. ಅಕ್ಕನ ಗುಂಪಿನಲ್ಲೇ ಅವಳಿಗೂ ಕೆಲಸ. ಒಂದು ದಿನ ಯಮನಮ್ಮನ ಬಂಗಾರದ ಜುಮುಕಿ ಒಂದು ಕಾಣೆಯಾಯಿತು. ಮನೆಯಲ್ಲಿ ಗಂಡ ಗ್ಯಾನಪ್ಪನನ್ನು ಬಿಟ್ಟರೆ ಇದ್ದವಳು ತಂಗಿಯೊಬ್ಬಳೇ. ಯಮನಮ್ಮನಿಗೆ ಅನುಮಾನ ಬಂತು, ಬಂದ ಅನುಮಾನವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ಗುಂಪಿನ ಹೆಂಗಸರೆಲ್ಲ ಸೇರಿದ್ದಾಗ ದೇವರ ಭಂಡಾರದ ತಟ್ಟೆ ತಂದು ನಡುವೆ ಇಟ್ಟಳು.

"ಮುಟ್ಟಿ ಆಣಿ ಮಾಡು" ಎಂದಳು.

ನಾಗವೇಣಿ ಅರಿಷಿಣದ ಪುಡಿಯಲ್ಲಿ ಕೈಯಿಟ್ಟು "ನಾ ತೊಗೊಂಡಿಲ್ಲ" ಎಂದಳು. ನಾಲ್ಕನೇ ದಿನ ಮಹೇಶ್ವರಿಗೆ ಜ್ವರ ಏರಿತು. ಸುಳ್ಳು ಆಣೆ ಕೂಸಿಗೆ ಹತ್ತಿತು ನೋಡು ಎಂದು ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡು ಆಡಿಕೊಂಡರು. ಕೂಸು ಬದುಕಿತು, ತಾಯಿಯ ಹೆಸರು ಕೆಟ್ಟಿತು. ನಾಗವೇಣಿ ಮಗಳನ್ನು ಎತ್ತಿಕೊಂಡು ಮಸ್ಕಿಯ ಬಸ್ಸು ಹತ್ತಿದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮೂರು ತಿಂಗಳಾದ ಮೇಲೆ ಯಮನಮ್ಮ ಕಾಲುವೆಯಲ್ಲಿ ಹಳೆ ಸೀರೆ ಸೇರಿಸಿ ಹೊಲಿದ ಕೌದಿ ಒಗೆಯುವಾಗ ತೇಪೆಯ ಸಂದಿಯಲ್ಲಿ ಏನೋ ಗಟ್ಟಿಯಾಗಿ ಕೈಗೆ ಹತ್ತಿತು. ಜುಮುಕಿ! ಅವತ್ತೇ ಊರಿಗೆಲ್ಲ ಕೂಗಿ ಹೇಳಬೇಕಿತ್ತು. ಹೇಳಲಿಲ್ಲ. ಭಂಡಾರದ ತಟ್ಟೆ ತಂದಿಟ್ಟವಳೇ ಸುಳ್ಳುಗಾತಿ ಎಂದು ಅಷ್ಟೂ ಹೆಂಗಸರ ಮುಂದೆ ಹೇಗೆ ಒಪ್ಪಿಕೊಳ್ಳುವುದು? ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುತ್ತ ವರ್ಷವೇ ಕಳೆಯಿತು. ಹೇಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದಳು ಪುಣ್ಯಾತ್ಗಿತ್ತಿ. ಸೋಮವಾರ ಒಪ್ಪತ್ತು ಹಿಡಿದಳು. ಲಿಂಗಸುಗೂರು ದಾಟಿ ಗುರುಗುಂಟಾದ ಅಮರೇಶ್ವರನವರೆಗೆ ಬರಿಗಾಲಲ್ಲಿ ನಡೆದು ಜುಮುಕಿಯನ್ನು ಹುಂಡಿಗೆ ಹಾಕಿದಳು. ಆಮೇಲೂ ಐದು ವರ್ಷ ಹಾಗೇ ನಡೆದಳು. ಅಲ್ಲಿಗೆ ಹೋಗುವ ದಾರಿ ಮಸ್ಕಿಯ ಮೇಲೆಯೇ ಹೋಗುತ್ತದೆ. ಮಸ್ಕಿ ಬಂತೆಂದರೆ ಸೆರಗನ್ನು ಮೂಗಿನವರೆಗೂ ಎಳೆದುಕೊಂಡು ಬಿರಬಿರನೆ ದಾಟುವಳು. ಕಾಲಲ್ಲಿ ಬೊಬ್ಬೆ ಎದ್ದವು, ಹೇಳದ ಮಾತು ಮಾತ್ರ ಒಳಗೇ ಉಳಿಯಿತು.

ಹೋದ ಡಿಸೆಂಬರಿನಲ್ಲಿ ಗುಂಪಿನ ತಿಮ್ಮವ್ವ ಅವಳನ್ನು ಸಿಂಧನೂರಿನ ಹತ್ತಿರ ವಲಸೆ ಬಂದ ತೆಲುಗರು ಕಟ್ಟಿಕೊಂಡ ಒಂದು ಕ್ಯಾಂಪಿಗೆ ಕ್ರಿಸ್‌ಮಸ್ ಊಟಕ್ಕೆ ಕರೆದುಕೊಂಡು ಹೋದಳು. ತಗಡಿನ ಶೆಡ್ಡು, ಮೇಲೆ ಒಂದು ಶಿಲುಬೆ, ಅದೇ ಪ್ರಾರ್ಥನಾ ಮಂದಿರ. ರಾಜೇಶ ಎಂಬ ತೆಲುಗು ಮನುಷ್ಯ ಅಲ್ಲಿಯ ಪಾಸ್ಟರು. ಎಲೆಯ ಮುಂದೆ ಕೂತವರಿಗೆ ಅವರು ಹೇಳುತ್ತಿದ್ದರು: "ಎಷ್ಟು ದೊಡ್ಡ ಪಾಪ ಇದ್ರೂ ಸರಿ, ಅದರ ಶಿಕ್ಷೆ ಯೇಸಪ್ಪ ನಮ್ಮ ಬದಲು ತಾನು ತಗೊಂಡಿದ್ದಾನೆ. ರಕ್ಷಣೆ ನೀವು ದುಡಿದು ಸಂಪಾದಿಸೋ ವಸ್ತು ಅಲ್ಲ. ಆತನ್ನ ನಂಬಿ. ದೇವರು ನಿಮ್ಮನ್ನ ನೀತಿವಂತರು ಅಂತ ಒಪ್ಕೊಳ್ತಾನೆ."

ಯಮನಮ್ಮನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಯಾಕೆಂದು ಗೊತ್ತಿಲ್ಲ, ಗಳಗಳನೆ ಅತ್ತಳು. ಖಾರ ಜಾಸ್ತಿ ಆಗಿರಬೇಕು ಎಂದು ತಿಮ್ಮವ್ವ ನೀರು ಕೊಟ್ಟಳು.

ಅಲ್ಲಿಂದ ಎಂಟು ಭಾನುವಾರ ತಪ್ಪಿಸಲಿಲ್ಲ. ಹಿಂದಿನ ಚಾಪೆಯ ಮೇಲೆ ಗೋಡೆಗೆ ಒರಗಿ ಕೂರುವಳು. ಗ್ಯಾನಪ್ಪ "ಎಲ್ಲಿಗರ ಹೋಗು, ಮನಸ್ಸು ಹಗುರ ಆದ್ರ ಸಾಕು" ಎಂದು ಸುಮ್ಮನಾದ. ನಂಬಬೇಕು ಎಂದರಲ್ಲ, ಯಮನಮ್ಮ ನಂಬಿದಳು, ಹಲ್ಲು ಕಚ್ಚಿ ನಂಬಿದಳು. ಆದರೆ ತಾನು ನಂಬಿದ್ದು ದೇವರಿಗೆ ಗೊತ್ತಾಗುವುದು ಹೇಗೆ? ಏನಾದರೂ ಮಾಡಿ ತೋರಿಸಬೇಕಲ್ಲ? ಒಂಬತ್ತನೇ ಭಾನುವಾರ ಬೆಳಗ್ಗೆ ಕಾಲುವೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ, ಕೈಯಲ್ಲಿ ಬೇವಿನ ತೊಪ್ಪಲು ಹಿಡಿದು ಪ್ರಾರ್ಥನಾ ಮಂದಿರದ ಮುಂದೆ ನಿಂತಳು. ನಿಂತವಳೇ ನೆಲಕ್ಕೆ ಉದ್ದಕ್ಕೆ ಬಿದ್ದಳು. ಚಾಚಿದ ಕೈ ಮುಟ್ಟಿದಲ್ಲಿ ಗೆರೆ ಎಳೆದಳು. ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಬಿದ್ದಳು. ದೇವಿಯ ಗುಡಿಗೆ ಹಾಕುವ ದೀಡ ನಮಸ್ಕಾರ ಯೇಸುವಿನ ಗುಡಿಗೆ! ಎದುರಿನ ಚಹಾದಂಗಡಿಯ ಹುಸೇನ್‌ಸಾಬ್ ಜರಡಿ ಹಿಡಿದುಕೊಂಡೇ ಹೊರಗೆ ಬಂದು ನಿಂತುಬಿಟ್ಟ.

ಒಂದೂವರೆ ಸುತ್ತು ಆಗಿರಬೇಕು. ರಾಜೇಶ ಪಾಸ್ಟರು ಬಾಯಲ್ಲಿ ಬ್ರಷ್ಷು, ಹೆಗಲ ಮೇಲೆ ಟವೆಲ್ಲು, ಹಾಗೇ ಓಡಿ ಬಂದರು. ಗಾಬರಿಯಲ್ಲಿ ತೆಲುಗೇ ಬಾಯಿಗೆ ಬಂತು.

"ಅಮ್ಮಾ! ಲೇಮ್ಮಾ ಲೇ! ಇದೇಂಟಮ್ಮಾ ಇದು? ಎದ್ದೇಳಿ!"

"ಸುಮ್ನಿರ್ರಿ ಸರ. ಐದು ಸುತ್ತು ಬೇಡ್ಕೊಂಡೀನಿ. ಇನ್ನ ಮೂರುವರಿ ಅದಾವು."

"ಇದೆಲ್ಲ ಬೇಡಮ್ಮಾ. ಆತ ಕೇಳಿಲ್ಲ."

"ಕೇಳಿಲ್ಲ ಅಂದ್ರ ನಾವು ಕೊಡಬಾರದೇನ್ರಿ?"

ಪಾಸ್ಟರು ಓಡಿ ಹೋಗಿ ಬಾಯಿ ತೊಳೆದು ಬಂದು ಅವಳ ಪಕ್ಕದಲ್ಲೇ ಮಣ್ಣಿನಲ್ಲಿ ಕೂತರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಅವಳೂ ಎದ್ದು ಕೂತಳು. ಮೂಗಿನ ತುದಿಗೆಲ್ಲ ಮಣ್ಣು ಮೆತ್ತಿತ್ತು.

"ನಿಮ್ಮ ಗುಂಪಲ್ಲಿ ಯಾರಾದ್ರೂ ಹಿಂದೆ ಬಿದ್ರೆ ಆಕೆ ಸಾಲು ಯಾರು ಮುಗಿಸ್ತಾರಮ್ಮಾ?"

"ಮತ್ತ್ಯಾರು? ನಾನ."

"ಕೂಲಿ ಕೊಡೋವಾಗ ಗದ್ದೆಯವ್ನು ಆಕೇನ ಅರ್ಧ ಆಳು ಅಂತಾನಾ?"

"ಅರ್ಧ ಯಾಕ? ಪೂರಾ ಆಳು."

"ಅಷ್ಟೇ ಅಮ್ಮಾ ರಕ್ಷಣೆ. ನಿಮ್ಮ ಸಾಲು ಯೇಸಪ್ಪ ಮುಗಿಸಿದ್ದಾನೆ."

ಯಮನಮ್ಮ ಯೋಚನೆ ಮಾಡಿದಳು. "ಆದ್ರ ಸರ, ಹಂಗ ಹಿಂದ ಬೀಳೋ ಹುಡುಗೀರ ಮ್ಯಾಲ ನನಗ ಭಾಳ ಸಿಟ್ಟು ಇರ್ತೈತ್ರಿ."

ಪಾಸ್ಟರು ನಕ್ಕುಬಿಟ್ಟರು. "ಆತನಿಗೆ ಇರೋದಿಲ್ಲ."

ಆ ನಗುವಿಗೋ ಏನೋ, ಅವಳ ಬಾಯಿ ತಾನಾಗಿ ಬಿಚ್ಚಿತು. ಜುಮುಕಿ, ಭಂಡಾರ, ಜ್ವರ, ಕೌದಿ, ಎಲ್ಲವನ್ನೂ ಹೇಳಿದಳು. ಗಂಡನಿಗೂ ಹೇಳಿರದ ಮಾತು. ಪಾಸ್ಟರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ದೇವರು ಕ್ಷಮಿಸಿದ್ದಾನಮ್ಮಾ, ಸಮಾಧಾನವಾಗಿ ಮನೆಗೆ ಹೋಗಿ ಎಂದರು.

ಯಮನಮ್ಮ ಏಳಲಿಲ್ಲ. "ಅಲ್ರಿ ಸರ, ಇದು ನನ್ನ ತಂಗಿಗೆ ಗೊತ್ತೇ ಇಲ್ಲಲ್ಲ?"

ಪಾಸ್ಟರು "ಹೋಗಿ ಹೇಳಬೇಕಮ್ಮಾ" ಎಂದರು.

"ನೋಡ್ರಿ ಮತ್ತ! ಏನೂ ಮಾಡಬ್ಯಾಡ ಅಂದವ್ರೂ ನೀವ, ಈಗ ಹೋಗು ಅನ್ನವ್ರೂ ನೀವ!"

"ಹೋದ್ರೆ ದೇವರು ಸೇರಿಸ್ಕೊಳ್ತಾನೆ ಅಂತ ಅಲ್ಲ. ಸೇರಿಸ್ಕೊಂಡಿದ್ದಾನೆ ಅಂತ ಹೋಗ್ತೀರಿ."

"ಎರಡಕ್ಕೂ ಬಸ್ಸು ಒಂದೇ ಅಲ್ಲೇನ್ರಿ?" ಎಂದಳು ಯಮನಮ್ಮ. ಪಾಸ್ಟರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಆ ವಾರವಿಡೀ ಅವಳು ಅವಳಾಗಿರಲಿಲ್ಲ. ಬಳಗಾನೂರಿನ ಕಡೆಯ ಒಂದು ಗದ್ದೆಯಲ್ಲಿ ನಾಟಿ ನಡೆದಿತ್ತು. ಯಮನಮ್ಮ ಸಸಿಯ ಕಟ್ಟು ಕೈಯಲ್ಲಿ ಹಿಡಿದು ಕೆಸರಿನಲ್ಲಿ ನಿಂತೇ ಇರುವಳು. ಅವಳ ಸಾಲೇ ಡೊಂಕು ಹೋಯಿತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು.

"ಮಾಫ್ ಆಗೈತಿ ಅಂದ್ರ ನಾ ಯಾಕ ಹೋಗ್ಬೇಕು?" ಎಂದು ತಿಮ್ಮವ್ವನನ್ನು ಕೇಳಿದಳು. "ಹೋಗ್ಬೇಕಂದ್ರ, ಮಾಫ್ ಹೆಂಗಾತು? ನೀ ಆರು ವರ್ಷ ಆತು ಅಲ್ಲಿ ಹೋಗಾಕತ್ತಿ, ಹೇಳು."

"ನನಗೇನು ತಿಳಿತೈತಿ ಬೇ? ಹಾಡು ಚಂದ ಇರ್ತಾವಂತ ನಾ ಹೋಗ್ತೀನಿ" ಎಂದಳು ತಿಮ್ಮವ್ವ.

ಶನಿವಾರ ಯಮನಮ್ಮ ಕೆಲಸಕ್ಕೆ ಹೋಗಲಿಲ್ಲ. ಸಿಂಧನೂರಿಗೆ ಬಂದು ಮಸ್ಕಿಯ ಬಸ್ಸಿನಲ್ಲಿ ಕೂತಳು. ತಾನು ಯಾಕೆ ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ದೇವರು ಕ್ಷಮಿಸಲಿ ಅಂತಲೋ, ಕ್ಷಮಿಸಿದ್ದಾನೆ ಅಂತಲೋ, ಸುಮ್ಮನೆ ಇನ್ನು ತಡೆಯಲಾಗುವುದಿಲ್ಲ ಅಂತಲೋ? ಉತ್ತರ ಸಿಗುವ ಮೊದಲೇ ಮಸ್ಕಿ ಬಂತು. ಈ ಸಲ ಸೆರಗು ಮುಂದೆ ಎಳೆದುಕೊಳ್ಳಲು ಕೈ ಹೋಯಿತು. ತಡೆದುಕೊಂಡಳು.

ಗುಡ್ಡದ ಬುಡದ ಓಣಿಯಲ್ಲಿ ಕೇಳಿ ಕೇಳಿ ಮನೆ ಹುಡುಕಿದಳು. ಹದಿನೇಳರ ಹುಡುಗಿಯೊಬ್ಬಳು ಬಾಗಿಲು ತೆರೆದಳು. ನಾಗವೇಣಿಯದೇ ಮೂಗು, ನಾಗವೇಣಿಯದೇ ಹಣೆ.

"ಯಾರು ಬೇಕಾಗಿತ್ರಿ?"

ಹುಡುಗಿಗೆ ಗುರುತು ಹತ್ತಲಿಲ್ಲ. ಈ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಗದ್ದೆಯ ಬದುವಿನ ಮೇಲೆ ಓಡಾಡಿದವಳು ಯಮನಮ್ಮ. "ನಿಮ್ಮವ್ವ ಅದಾಳೇನವ್ವ?" ಎಂದಷ್ಟೇ ಕೇಳಿದಳು.

ನಾಗವೇಣಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಿ ನೋಡಿದಳು. "ಹಾದಿ ತಪ್ಪಿ ಬಂದ್ಯೇನು?" ಎಂದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

ಯಮನಮ್ಮ ಹೊಸ್ತಿಲು ದಾಟಲಿಲ್ಲ. ಅಲ್ಲೇ ನಿಂತು, ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತು, "ಜುಮುಕಿ ಸಿಕ್ಕಿತ್ತವ್ವ. ಕೌದ್ಯಾಗ ಇತ್ತು. ನೀ ತೊಗೊಂಡಿದ್ದಿಲ್ಲ" ಎಂದಳು.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಯಾವಾಗ ಸಿಕ್ಕಿತು?"

"ನೀ ಹೋದ ಮೂರು ತಿಂಗಳಿಗೆ."

ಹಂಚಿನ ಮೇಲಿನ ರೊಟ್ಟಿ ಕರಕಾಗುವ ವಾಸನೆ ಬಂತು. ಮಹೇಶ್ವರಿ ಹೋಗಿ ಅದನ್ನು ತೆಗೆದಳು. ನಾಗವೇಣಿ ಹಿಟ್ಟಿನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಾತಾಡಿದಾಗಲೂ ದನಿ ಎತ್ತರ ಆಗಲಿಲ್ಲ.

"ಈಕಿಗೆ ಜ್ವರ ಬಂತಲ್ಲಕ್ಕ, ಅವಾಗ ನನಗ ನನ್ನ ಮ್ಯಾಲೇ ಅನುಮಾನ ಬಂತು. ನಿದ್ದಿಗಣ್ಣಾಗ ನಾನ ತೊಗೊಂಡೀನೇನೋ, ಭಂಡಾರ ಅದಕ್ಕ ಹತ್ತೇತೇನೋ ಅಂತ. ನನ್ನ ಗಂಟು ನಾನ ಬಿಚ್ಚಿ ಬಿಚ್ಚಿ ಹುಡುಕೀನಿ. ಇವತ್ತಿನ ತನಕ ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲ. ಮಂದಿ ಮನಿಗೆ ಹೋದ್ರ ಎರಡೂ ಕೈ ಸೆರಗಿನಾಗ ಸುತ್ಕೊಂಡು ಕುಂದರ್ತೀನಿ."

ಬೈಗುಳಕ್ಕೆ ಯಮನಮ್ಮ ತಯಾರಾಗಿ ಬಂದಿದ್ದಳು. ಹೊಡೆದರೂ ಹೊಡೆಸಿಕೊಳ್ಳುವವಳಿದ್ದಳು. ಇದಕ್ಕೆ ತಯಾರಿರಲಿಲ್ಲ. ಹೊಸ್ತಿಲ ಮೇಲೇ ಕೂತಳು.

"ಏನ್ ಮಾಡ್ಲಿ ಹೇಳು ನಾಗವ್ವ. ಊರ ಮುಂದ ನಿಂತು ಹೇಳ್ತೀನಿ, ಆ ಹನ್ನೆರಡೂ ಮಂದಿ ಮುಂದ ಹೇಳ್ತೀನಿ. ನಿನ್ನ ಮನಿ ಕಸ ಹೊಡಿತೀನಿ. ನೀ ಏನಂತಿ ಅದು."

"ಊರಿಗೆ ಹೇಳು, ಅದು ನೀ ಹೇಳಬೇಕಾದ್ದ. ಆದ್ರ ಅದರಿಂದ ಈ ಹದಿನಾಕು ವರ್ಷ ತಿರುಗಿ ಬರ್ತಾವೇನು?" ನಾಗವೇಣಿಯ ಕಣ್ಣಲ್ಲಿ ಆಗ ನೀರು ಬಂತು. ಮೊಣಕೈಯಿಂದ ಒರೆಸಿಕೊಂಡಳು. "ಮಹೇಶ್ವರಿ, ದೊಡ್ಡವ್ವಗ ಕೈ ತೊಳಿಯಾಕ ನೀರು ಕೊಡು."

ದೊಡ್ಡವ್ವ ಎಂದಳಲ್ಲ! ಯಮನಮ್ಮ ಅವಸರದಿಂದ ಒಳಗೆ ಬಂದು, ಕೈ ತೊಳೆದು, ಹಿಟ್ಟಿನ ಪರಾತಕ್ಕೆ ಕೈ ಹಾಕಿದಳು. "ನೀ ಏಳು, ನಾ ಬಡಿತೀನಿ."

ನಾಗವೇಣಿ ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದಳು. "ನೀ ಏನೂ ಮಾಡಬ್ಯಾಡ. ಕುಂದರು."

ಕೂತಳು. ಮುಂದೆ ತಾಟು ಬಂತು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಬದಿಗೆ ಒಂದಿಷ್ಟು ಶೇಂಗಾ ಹಿಂಡಿ. ಯಮನಮ್ಮನಿಗೆ ಐದು ವರ್ಷ ಬರಿಗಾಲಲ್ಲಿ ನಡೆದಾಗ ಆಗದಷ್ಟು ಕಷ್ಟ ಈಗ ಆಗುತ್ತಿತ್ತು. ಏಳಲೂ ಆಗದು, ಉಣ್ಣಲೂ ಆಗದು. ತನ್ನಿಂದ ಒಂದು ಕಡ್ಡಿಯನ್ನೂ ಎತ್ತಿಸದೆ ಇವಳು ಯಾಕೆ ಉಣಬಡಿಸುತ್ತಿದ್ದಾಳೆ ಎಂಬುದೇ ಅವಳಿಗೆ ತಿಳಿಯಲಿಲ್ಲ.

"ನಾಗವ್ವ, ನನ್ನ ಮಾಫ್ ಮಾಡೀಯೇನು?"

ನಾಗವೇಣಿ ಒಲೆಯ ಕಡೆ ತಿರುಗಿದ್ದಳು. ಇನ್ನೊಂದು ರೊಟ್ಟಿ ಎತ್ತಿ ಅಕ್ಕನ ತಾಟಿಗೆ ಹಾಕಿದಳು.

"ಇನ್ನೂ ಇಲ್ಲ. ರೊಟ್ಟಿ ಆರಾಕತ್ತೈತಿ, ಉಣ್ಣು."