ಎತ್ತಿ ಹಿಡಿದ ಹೆಬ್ಬೆರಳು

ಜೀವನ್ ಬಿಮಾ ನಗರದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಆಗ ಸಮಯ ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯರು. ಕೊರಳಲ್ಲಿ ಕಪ್ಪು ದಾರದ ಸ್ಟಾಪ್‌ವಾಚ್. ಯಾರು ಏನು ಕೇಳಿದರೂ ಒಂದೇ ಮಾತು: “ವಿಶಲ್ ಹೊಡೆದ್ರೆ ನಿಲ್ಸೋದು, ಚೆಂಡು ಮುಟ್ಟಿದ್ರೆ ಬಿಡೋದು. ಇದ್ರಲ್ಲಿ ನಂದೇನಿಲ್ಲ.”

ನನ್ನ ಮಗಳ ಫೈನಲ್ ಪಂದ್ಯದಲ್ಲಿ ಅಂಕ ಸಮವಾಗಿತ್ತು. ಉಳಿದದ್ದು ನಾಲ್ಕೇ ಸೆಕೆಂಡು. ಮಗಳು ಚೆಂಡು ಎಸೆಯುವಾಗ ಎದುರಾಳಿ ಹುಡುಗಿ ಅವಳ ಕೈಗೆ ಹೊಡೆದಳು. ಫೌಲಾಗಿ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡಬಾರದ ಎಸೆತಗಳು, ಸಿಕ್ಕವು. ಇವಳೋ ನಿಂತಲ್ಲೇ ಚೆಂಡು ಪುಟಿಸುತ್ತಿದ್ದಳು. ಆ ನಾಲ್ಕು ಸೆಕೆಂಡೂ ಮುಗಿದೇಹೋಯಿತು ಅಂದುಕೊಂಡೆ.

“ಬೇಗ ಹಾಕೇ, ಟೈಮಾಗೋಯ್ತು!” ಎಂದು ಕೂಗಿದೆ. ಅವಳು ಗಾಬರಿಯಲ್ಲಿ ಎಸೆದಳು. ತಪ್ಪಿತು.

ಆ ಹಿರಿಯರು ನನ್ನತ್ತ ತಿರುಗಿ ವಾಚ್ ಎತ್ತಿ ತೋರಿಸಿದರು. ಹೆಬ್ಬೆರಳು ಗುಂಡಿಯಿಂದ ದೂರ, ಗಾಳಿಯಲ್ಲಿತ್ತು.

“ಅದೇ ಓಡ್ತಿಲ್ಲ. ನೀವ್ಯಾಕಮ್ಮ ಓಡಿಸ್ತೀರಾ?”

ಮನಸ್ಸಲ್ಲೇ ಸೋಮೇಶ್ವರ ದೇವರನ್ನು ನೆನೆದೆ. ಮಗಳು ಮೂರು ಸಲ ಪುಟಿಸಿ, ಉಸಿರೆಳೆದು ಎರಡನೆಯದನ್ನು ಎಸೆದಳು. ಬುಟ್ಟಿಗೆ ಬಿತ್ತು. ಉಳಿದ ನಾಲ್ಕು ಸೆಕೆಂಡು ಎದುರಾಳಿಗಳಿಗೆ ಸಾಲಲಿಲ್ಲ.

ಮರುದಿನ ಸೋಮೇಶ್ವರನ ಗುಡಿಯ ಪ್ರಸಾದ ತಂದು ಅವರಿಗೆ ಕೊಟ್ಟೆ. ಕಣ್ಣಿಗೊತ್ತಿಕೊಂಡು, “ಇದ್ರಲ್ಲಿ ನಂದೇನಿಲ್ಲಮ್ಮ” ಅಂದರು.

ಈಗ ಅಲ್ಲಿ ಸಮಯ ತೋರಿಸುವ ಕೆಂಪು ಅಂಕಿಗಳ ಬೋರ್ಡಿದೆ. ಫೌಲಾದರೆ ಅದೂ ನಿಲ್ಲುತ್ತದೆ. ಆದರೂ ನನ್ನ ಕಣ್ಣು ಆ ಹೆಬ್ಬೆರಳನ್ನೇ ಹುಡುಕುತ್ತದೆ.