ಬೂದಿ ಬೊಗಳಲಿಲ್ಲ

ಆಗ ನನ್ನ ಬೇಸಿಗೆ ಶುರುವಾಗುತ್ತಿದ್ದುದು ಪರೀಕ್ಷೆ ಮುಗಿದ ದಿನವಲ್ಲ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ವಾಸನೆ ಹಿಂದೆ ಬಿದ್ದ ಗಳಿಗೆಯಲ್ಲಿ. ಅಬ್ಬಾನ ಬೈಕು ನನ್ನಿವಾಳದ ರಸ್ತೆಗೆ ಹೊರಳಿ, ಶೇಂಗಾ ಹಿಂಡಿಯ ಆ ಬೆಚ್ಚಗಿನ ಜಿಡ್ಡು ವಾಸನೆ ಗಾಳಿಯಿಂದ ಕಳಚಿಕೊಂಡರೆ ಸಾಕು, ಇನ್ನೆರಡು ತಿಂಗಳು ನಾನು ದಾದಿಯ ಪಾಲು. ಅಣ್ಣಂದಿರಿಬ್ಬರೂ ಅಬ್ಬಾನ ಗ್ಯಾರೇಜಿನಲ್ಲಿ ಸ್ಪ್ಯಾನರು ಹಿಡಿದು ನಿಲ್ಲುತ್ತಿದ್ದರು. ಹತ್ತು ವರ್ಷದ ಹುಡುಗಿಗೆ ಅಲ್ಲೇನೂ ಕೆಲಸವಿರಲಿಲ್ಲ.

ಆ ವರ್ಷದ ಬೇಸಿಗೆಯ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಬ್ಬಾನ ತಮ್ಮ, ನಮ್ಮ ಚಾಚಾ, ಅದನ್ನು ಮದುವೆ ಮನೆಗಳಲ್ಲಿ ಊಟವಾದ ಮೇಲೆ ಹೇಳುತ್ತಾರೆ. ಚೆನ್ನಾಗಿಯೇ ಹೇಳುತ್ತಾರೆ. ಆದರೆ ಅವರ ಕತೆಯ ಕೊನೆಯಲ್ಲಿ ನಾನು ನಾಚಿಕೊಂಡು, ಅಳುತ್ತಾ ಮನೆಯೊಳಗೆ ಓಡಿಹೋಗುತ್ತೇನೆ. ಎಲ್ಲರೂ ನಗುತ್ತಾರೆ.

ನಾನು ಓಡಿರಲಿಲ್ಲ. ಅತ್ತೂ ಇರಲಿಲ್ಲ. ಇದನ್ನು ಬರೆಯುತ್ತಿರುವುದು ಅದಕ್ಕೇ.

ದಾದಿ ಎಂದರೆ ಅಬ್ಬಾನ ತಾಯಿ. ದಾದಾ ತೀರಿಕೊಂಡ ಮೇಲೆ ಅವಳು ಪೇಟೆಯ ಮನೆ ಬೇಡವೆಂದು ತೋಟಕ್ಕೇ ಹೋಗಿಬಿಟ್ಟಿದ್ದಳು. ಮೂರು ಎಕರೆ. ಸಪೋಟ, ನಿಂಬೆ, ಸೀಬೆ, ಬಾವಿಯ ಹತ್ತಿರ ನಾಲ್ಕು ನುಗ್ಗೆ ಮರ. ನಡುವೆ ಕಲ್ಲು ಚಪ್ಪಡಿಯ ಎರಡು ಕೋಣೆಯ ಮನೆ, ಮುಂದೆ ಬೇವಿನ ಮರ. ಸುತ್ತಲೂ ಆಳೆತ್ತರದ ಗೋರಂಟಿ ಬೇಲಿ. ಬೇಲಿಯ ಆಚೆ ಕಣ್ಣು ಹಾಯುವವರೆಗೂ ಒಣಗಿದ ಹೊಲ, ಬಿಸಿಲು. ಈಚೆಗೆ ಬಂದರೆ ಒದ್ದೆ ಮಣ್ಣಿನ ವಾಸನೆ. ಗೋರಂಟಿ ಹೂ ಬಿಟ್ಟಾಗ ಅದರ ಘಮ ತಲೆನೋವು ಬರುವಷ್ಟು ಗಾಢವಾಗಿರುತ್ತಿತ್ತು. ಕರೆಂಟು ಬಂದಾಗ ಮೋಟರು ಹಾಕುವುದು, ಪೈಪಿನ ಮೊದಲ ಬಿಸಿನೀರು ಹೋಗಲೆಂದು ಕಾಯುವುದು, ಆಮೇಲೆ ಅದರ ಕೆಳಗೆ ತಲೆಯೊಡ್ಡುವುದು ನನ್ನ ದಿನಚರಿ. ಬೂದುಗುಂಬಳದಷ್ಟು ದೊಡ್ಡ ಮಡಕೆಯಲ್ಲಿ ರಾಗಿ ಹುಲ್ಲು ಹಾಸಿ ಸಪೋಟ ಹಣ್ಣಿಗಿಡುತ್ತಿದ್ದರು. ದಿನಕ್ಕೆರಡು ಸಲ ಅದರೊಳಗೆ ಕೈಯಿಟ್ಟು ಒತ್ತಿ ನೋಡಿ ಬೈಸಿಕೊಳ್ಳುತ್ತಿದ್ದೆ.

ಮನೆಯಲ್ಲಿ ನಾವಾಡುವುದು ಉರ್ದು. ತೋಟದಲ್ಲಿ ಮಾತ್ರ ದಾದಿ ನನ್ನ ಜೊತೆಗೂ ಕನ್ನಡವನ್ನೇ ಆಡುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ, "ತಿಪ್ಪಕ್ಕನಿಗೆ ಉರ್ದು ಬರಲ್ಲ, ನಾಯಿಗಳಿಗೂ ಬರಲ್ಲ. ಅವರನ್ನ ಬಿಟ್ಟು ನಾವಿಬ್ಬರೇ ಮಾತಾಡಿದ್ರೆ ಚೆನ್ನಾಗಿರಲ್ಲ" ಅಂದಿದ್ದಳು.

ತಿಪ್ಪಕ್ಕ ತೋಟದ ಕೆಲಸದವಳು. ನಾಯಿಗಳು ಎರಡು. ಕರಿಯ ಎಂಬುದು ಮುದಿ ಗಂಡುನಾಯಿ, ಗಾಳಿ ಬೀಸಿದರೂ ಬೊಗಳುತ್ತಿತ್ತು. ಇನ್ನೊಂದು ಬೂದಿ. ಕುರಿಯವರು ಬಿಟ್ಟುಹೋದ ಹೆಣ್ಣುಮರಿ. ಹಿತ್ತಲಿನ ನೀರೊಲೆಯ ಆರಿದ ಬೂದಿಯಲ್ಲಿ ಮಲಗಿ ಮಲಗಿ ಅದೇ ಬಣ್ಣಕ್ಕೆ ತಿರುಗಿತ್ತು. ದಾದಿಯ ಕೋಳಿಮರಿಗಳು ಅದರ ಹೊಟ್ಟೆಗೊತ್ತಿ ನಿದ್ದೆ ಮಾಡುತ್ತಿದ್ದವು. ಬಂದು ಎರಡು ವರ್ಷವಾದರೂ ಬೂದಿ ಒಂದು ಸಲವೂ ಬೊಗಳಿರಲಿಲ್ಲ.

ನಾಯಿ ಕಾಲಿಟ್ಟ ಮನೆಗೆ ರಹಮತ್ತಿನ ಫರಿಶ್ತೆಗಳು, ಎಂದರೆ ಕರುಣೆಯ ದೇವದೂತರು, ಬರುವುದಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಹೊಲ, ತೋಟ, ಕುರಿಮಂದೆ ಕಾಯುವ ನಾಯಿಗೆ ಮಾತ್ರ ಅಡ್ಡಿಯಿಲ್ಲ. ದಾದಿ ಇದನ್ನು ತಪ್ಪದೆ ಪಾಲಿಸುತ್ತಿದ್ದಳು. ನಾಯಿಗಳು ಹೊಸ್ತಿಲು ದಾಟುತ್ತಿರಲಿಲ್ಲ. ಅವಕ್ಕೆ ಬೇರೆಯೇ ಕಲ್ಲು ಬಾನಿ, ಅದರಲ್ಲಿ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ. ನನಗಾಗಿ ಹಿಂಬಾಗಿಲ ಹೊರಗೆ ಮೊಳೆಗೆ ಒಂದು ಹಳೆಯ ಫ್ರಾಕು ನೇತುಹಾಕಿದ್ದಳು. ನಾಯಿಗಳ ಜೊತೆ ಆಡುವುದಿದ್ದರೆ ಅದನ್ನು ತೊಡಬೇಕು. ಒಳಗೆ ಬರುವಾಗ ಬಿಚ್ಚಿ, ಕೈಕಾಲು ತೊಳೆದು ಬರಬೇಕು. "ನಾಯಿ ಅಂಗಿ" ಎಂದು ನಾವದನ್ನು ಕರೆಯುತ್ತಿದ್ದೆವು. ನಾನು ಹೆಚ್ಚುಕಡಿಮೆ ಇಡೀ ದಿನ ಅದರಲ್ಲೇ ಇರುತ್ತಿದ್ದೆ.

ಚಾಚಾ ಪ್ರತಿ ಶುಕ್ರವಾರ ನಮಾಜು ಮುಗಿಸಿ, ಪೇಟೆಯಿಂದ ಬಿಸಿ ಮಿರ್ಚಿಯ ಪೊಟ್ಟಣ ಹಿಡಿದು ತಾಯಿಯನ್ನು ನೋಡಲು ಬರುತ್ತಿದ್ದರು. ಆ ಶುಕ್ರವಾರ ಬೇವಿನ ಕೆಳಗೆ ಮಂಚದ ಮೇಲೆ ಕೂತು ಬೂದಿಯನ್ನು ತುಂಬ ಹೊತ್ತು ನೋಡಿದರು.

"ಅಮ್ಮಿ, ಕರಿಯ ಕಾಯ್ತದೆ, ಸರಿ. ಇದು ಏನು ಮಾಡ್ತದೆ?"

"ಮಲಗ್ತೈತೆ," ಅಂದಳು ದಾದಿ.

"ಕಾಯದೇ ಇರೋ ನಾಯಿನ ಸುಮ್ಮನೆ ಇಟ್ಟುಕೋಬಾರದು. ಬಜಾರಿನಲ್ಲಿ ನಾಲ್ಕು ಜನ ನನ್ನ ಕೇಳ್ತಾರೆ. ಮುಂದಿನ ಶುಕ್ರವಾರ ಲಗೇಜ್ ಆಟೋ ತರ್ತೀನಿ. ಹಿರಿಯೂರಿನ ಹತ್ರ ಡಾಬಾಗಳ ಸಾಲಿದೆ, ಅಲ್ಲಿ ಬಿಡೋಣ. ತಿನ್ನೋಕೆ ಕಮ್ಮಿ ಇರಲ್ಲ."

ಚಾಚಾ ಕೆಟ್ಟವರಲ್ಲ. ತಿನ್ನುವುದಕ್ಕೆ ಸಿಗುವ ಜಾಗವನ್ನು ಯೋಚಿಸಿಯೇ ಬಂದಿದ್ದರು. ದಾದಿ ಮಿರ್ಚಿ ಪೊಟ್ಟಣದ ದಾರ ಬಿಚ್ಚತೊಡಗಿದಳು. ತಾನೇ ಪಾಲಿಸುವ ಕಟ್ಟಳೆಯನ್ನು ಅವಳು ಮೀರುವಂತಿರಲಿಲ್ಲ.

"ಕೆಲಸ ಮಾಡಿದ್ರೆ?" ಅಂದೆ ನಾನು.

ಇಬ್ಬರೂ ತಿರುಗಿ ನೋಡಿದರು. ನಾನು ಮಾತಾಡುತ್ತಿದ್ದುದು ಅಷ್ಟು ಕಡಿಮೆ. 'ಮನೆಯಲ್ಲಿ ಇದ್ದಾಳೋ ಇಲ್ಲವೋ ಗೊತ್ತೇ ಆಗಲ್ಲ' ಎಂದು ನೆಂಟರು ನನ್ನನ್ನು ಹೊಗಳುತ್ತಿದ್ದರು. ಚಾಚಾ ಕೂಡ. ನನ್ನಲ್ಲಿ ಒಳ್ಳೆಯ ಗುಣವಾಗಿದ್ದದ್ದು ಬೂದಿಯಲ್ಲಿ ಹೊರಹಾಕುವಂಥ ತಪ್ಪು ಹೇಗಾಯಿತು ಎಂದು ಅವತ್ತು ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

"ಬೊಗಳಿದ್ರೆ ಇರಲಿ ಬೇಟಾ," ಎಂದು ಚಾಚಾ ನಕ್ಕರು. "ಶುಕ್ರವಾರ ನಾನೇ ಕೂತು ಕೇಳ್ತೀನಿ."

ಒಂದು ವಾರವಿತ್ತು. ಮನೆಯ ಹಿಂದೆ, ಬೇಲಿಗೆ ಹತ್ತಿಕೊಂಡಂತೆ ಕಲ್ಲಂಗಡಿ ಪಾತಿ ಇತ್ತು. ಬೆಳಿಗ್ಗೆ, ಸಂಜೆ ನವಿಲುಗಳು ಬಂದು ಎಳೆಗಾಯಿಗಳನ್ನು ಕುಕ್ಕುತ್ತಿದ್ದವು. ಬೂದಿಯನ್ನು ಅಲ್ಲಿಗೆ ಕರೆದೊಯ್ದು ಕೂರಿಸಿ, ನವಿಲಿನ ಕಡೆ ಬೆರಳು ತೋರಿಸಿದೆ.

"ಕೂಸೇ," ತಿಪ್ಪಕ್ಕ ಕಳೆ ಕೀಳುತ್ತಲೇ ಕೂಗಿದಳು, "ನಾಯಿ ನಿನ್ ಬೆಳ್ಳು ನೋಡ್ತೈತೆ, ನವಿಲು ನಿನ್ ಮುಖ ನೋಡ್ತೈತೆ. ಬೊಗಳೋರು ಯಾರು?"

ಅದೂ ಸರಿ ಅನ್ನಿಸಿತು. ಹೇಗೆಂದು ತೋರಿಸಿಕೊಡೋಣವೆಂದು ನಾನೇ ಬೊಗಳಿದೆ. ಮೊದಲನೆಯದು ಕೆಮ್ಮಿನ ಹಾಗೆ ಬಂತು. ತಿಪ್ಪಕ್ಕ ಸೀರೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ನಾನು ಕರಿಯನ ಹತ್ತಿರ ಕೂತು ಗಮನಿಸಿದೆ. ಅದು ಮೊದಲು ಎರಡು ಸಲ ಗಿಡ್ಡಕ್ಕೆ ಬೊಗಳಿ, ಆಮೇಲೆ ಒಂದು ಸಲ ಉದ್ದಕ್ಕೆ ಬೊಗಳುತ್ತದೆ. ಗಂಟಲಿನಿಂದಲ್ಲ, ಹೊಟ್ಟೆಯಿಂದ. ಮೂರನೆಯ ದಿನ ಬೇಲಿಯ ಹಿಂದೆ ಕೂತು ಹಾಗೆಯೇ ಮಾಡಿದೆ. ನವಿಲುಗಳು ರೆಕ್ಕೆ ಬಡಿದುಕೊಂಡು ಎದ್ದು ನುಗ್ಗೆ ಮರದ ಮೇಲೆ ಹಾರಿಹೋದವು.

ನನ್ನ ದನಿಗೆ ಯಾರಾದರೂ ಕದಲಿದ್ದು ಅದೇ ಮೊದಲು.

ಬೂದಿ ಮಾತ್ರ ಬಾಲ ಅಲ್ಲಾಡಿಸಿತು. ಗುರುವಾರದವರೆಗೂ ಅಷ್ಟೇ ಮಾಡಿತು.

ಗುರುವಾರ ಸಂಜೆ ದಾದಿ, ತಿಪ್ಪಕ್ಕ ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದರು. ತಿಪ್ಪಕ್ಕ ಯಾವಾಗಲೂ ಮೋಸ ಮಾಡುತ್ತಿದ್ದಳು.

"ನಾಲ್ಕು ಬಿದ್ರೆ ಐದು ಮನೆ ಹೋಗ್ತೀಯಲ್ಲೇ ತಿಪ್ಪಿ!"

"ಕಣ್ಣು ಮಂಜು ಐತಲ್ರೀ ಅಮ್ಮಾರೇ, ಒಂದು ಹೆಚ್ಚು ಕಂಡಿದ್ದು ನನ್ ತಪ್ಪಾ?"

ಆ ಗಳಿಗೆಯಲ್ಲೇ ನಾನು ತೀರ್ಮಾನ ಮಾಡಿದ್ದು. ಮೋಸವೆಂದು ನನಗೆ ಗೊತ್ತಿತ್ತು.

ಶುಕ್ರವಾರ ಸಂಜೆಗೆ ಚಾಚಾ ಬಂದರು. ಕೈಯಲ್ಲಿ ಮಿರ್ಚಿ ಪೊಟ್ಟಣ, ಹೆಗಲ ಮೇಲೆ ಹೊಸ ನೈಲಾನ್ ಹಗ್ಗ. ಗೇಟಿನಾಚೆ ಲಗೇಜ್ ಆಟೋ ನಿಂತಿತ್ತು. ಬೂದಿ ಜನರೆದುರು ಬೊಗಳುವುದಿಲ್ಲ, ಯಾರೂ ಹಿಂದೆ ಬರಬಾರದು ಎಂದು ಹೇಳಿ, ನಾನು ಅದನ್ನು ಬೇಲಿಯ ಸಂದಿಯಿಂದ ಆಚೆಗೆ ಕರೆದೊಯ್ದೆ. ನನ್ನ ಜಡೆಯ ರಿಬ್ಬನ್ನಿನಿಂದ ಒಂದು ಗೋರಂಟಿ ಬುಡಕ್ಕೆ ಕಟ್ಟಿ, ಪಕ್ಕದಲ್ಲಿ ಕೈ ಮಂಡಿಯೂರಿ ಕೂತೆ. ನವಿಲುಗಳು ಬಂದವು. ಬೊಗಳಿದೆ.

ನವಿಲುಗಳು ಹಾರಿದವು. ಮನೆಯ ಮುಂದಿನಿಂದ ಕರಿಯ ದನಿಗೂಡಿಸಿತು. ಮನೆಯ ಆಚೆಯಿಂದ ಚಾಚಾನ ದನಿ ಕೇಳಿತು: "ಅರೆ! ಬೊಗಳ್ತಾ ಇದೆಯಲ್ಲ ಅಮ್ಮಿ!"

ನನಗೆ ಹುರುಪು ಬಂತು. ಬೊಗಳುತ್ತಲೇ ಇದ್ದೆ. ಪಕ್ಕಕ್ಕೆ ತಿರುಗಿದಾಗ ರಿಬ್ಬನ್ನು ಮಾತ್ರ ಇತ್ತು.

ಮಿರ್ಚಿಯ ವಾಸನೆ ಹಿಡಿದು ಬೂದಿ ನಿಧಾನವಾಗಿ ಮನೆ ಸುತ್ತಿ ಹೋಗಿ, ಚಾಚಾನ ಮುಂದೆ ಕೂತು, ಅವರ ಮುಖ ನೋಡುತ್ತಿತ್ತಂತೆ. ಹಿಂದಿನಿಂದ ಬೊಗಳುವುದು ಕೇಳುತ್ತಲೇ ಇತ್ತಂತೆ. ಇದನ್ನು ಆಮೇಲೆ ತಿಪ್ಪಕ್ಕ ಹೇಳಿದಳು. ಚಾಚಾ ಹೇಳುವ ಕತೆಯಲ್ಲಿ ಇಲ್ಲಿಯವರೆಗಿನದೆಲ್ಲ ನಿಜ.

ಬೇಲಿಯ ಸಂದಿಯಲ್ಲಿ ಚಾಚಾನ ಬಿಳಿ ಪೈಜಾಮ ಕಾಣಿಸಿತು. ನಾನು ತಲೆ ಎತ್ತಿದೆ. ಕೂದಲಲ್ಲಿ ಎಲೆ, ಮೈಮೇಲೆ ನಾಯಿ ಅಂಗಿ, ನೆಲಕ್ಕೂರಿದ ಎರಡು ಕೈ. ಅವರ ಮುಖದಲ್ಲಿ ಸಿಟ್ಟಿಗಿಂತ ಗಾಬರಿ ಇತ್ತು.

ಮುಂದಿನ ಬೊಗಳು ನನ್ನ ಹೊಟ್ಟೆಯಲ್ಲಿ ಆಗಲೇ ಸಿದ್ಧವಾಗಿತ್ತು. ಅದನ್ನು ನುಂಗಬಹುದಿತ್ತು. ನಾನು ಅವರ ಮುಖವನ್ನೇ ನೋಡಿಕೊಂಡು ಬೊಗಳಿದೆ. ಎರಡು ಗಿಡ್ಡ, ಒಂದು ಉದ್ದ.

"ಚುಪ್!" ಅಂದರು ಚಾಚಾ. "ಹೆಣ್ಣುಮಗು ನೀನು! ರಸ್ತೇಲಿ ಯಾರಾದ್ರೂ ಕೇಳಿಸಿಕೊಂಡ್ರೆ?"

ಇನ್ನೊಮ್ಮೆ ಬೊಗಳಿದೆ. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಆಮೇಲೆ ಎದ್ದು ನಿಂತು ಮಂಡಿಯ ಮಣ್ಣು ಕೊಡವಿದೆ.

ಅಷ್ಟರಲ್ಲಿ ದಾದಿ, ಹಿಂದೆ ತಿಪ್ಪಕ್ಕ, ಅವಳ ಹಿಂದೆ ಬೂದಿ ಬಂದರು. ದಾದಿ ನಗಲಿಲ್ಲ. "ಮಾಫಿ ಕೇಳು," ಅಂದಳು.

"ಮೋಸ ಮಾಡಿದ್ದಕ್ಕೆ ಮಾಫಿ," ಅಂದೆ. "ಬೊಗಳಿದ್ದಕ್ಕೆ ಕೇಳಲ್ಲ."

ಚಾಚಾ ಹಗ್ಗವನ್ನು ಕೈಗೆ ತೆಗೆದುಕೊಂಡರು. ಆಗ ತಿಪ್ಪಕ್ಕ, ಯಾರನ್ನೂ ನೋಡದೆ, ಬೇಲಿಗೆ ಹೇಳುವವಳ ಹಾಗೆ ಹೇಳಿದಳು: "ಇದು ಬರೋಕ್ ಮುಂಚೆ ಮುಂಗ್ಸಿ ಒಂದೂ ಕೋಳಿಮರಿ ಉಳಿಸ್ತಿರ್ಲಿಲ್ಲ. ಇದು ಬಂದ್ಮೇಲೆ ಒಂದೂ ಹೋಗಿಲ್ಲ. ಬೂದಿ ಹೊಟ್ಟೆಗೆ ಮರಿ ಮಲಗಿದ್ರೆ ಮುಂಗ್ಸಿ ಹತ್ರ ಬರ್ತೈತಾ? ಬೊಗಳಿದ್ರೇನೇ ಕಾಯೋದಾ ಸಾಹೇಬ್ರೇ?"

ದಾದಿ ಥಟ್ಟನೆ ತಲೆಯೆತ್ತಿದಳು. "ಅದೂ ಹೌದಲ್ಲ! ಕಾಯ್ತಾ ಐತೆ ಇದು." ವಾರವೆಲ್ಲ ಹುಡುಕಿದ್ದ ಉತ್ತರ ಸಿಕ್ಕವಳಂತೆ ಅವಳ ಮುಖ ಹಗುರಾಯಿತು.

ನಾನು ಅಲ್ಲಿಗೇ ಸುಮ್ಮನಾಗಬೇಕಿತ್ತು. ಬೂದಿ ಉಳಿದಂತೆಯೇ ಆಗಿತ್ತು. ಆದರೆ ನಾಳೆ ಒಂದು ಮರಿ ಹೋದರೆ? ಬೂದಿಯ ಕುತ್ತಿಗೆ ಬಳಸಿ ನೆಲದಲ್ಲಿ ಕೂತೆ. ತೋಟದಲ್ಲಿ ಮೊದಲ ಸಲ ಉರ್ದುವಿನಲ್ಲಿ, ಚಾಚಾಗೆ ಒಂದು ಪದವೂ ತಪ್ಪಿಹೋಗದಂತೆ ಹೇಳಿದೆ: ಮುಂಗುಸಿ ಎಲ್ಲ ಮರಿಗಳನ್ನು ಒಯ್ದಿದ್ದರೂ ಬೂದಿ ಇಲ್ಲೇ ಇರುತ್ತದೆ. ಒಯ್ಯುವುದಾದರೆ ಇಬ್ಬರಿಗೂ ಸೇರಿಸಿ ಹಗ್ಗ ಕಟ್ಟಿ.

ಗೇಟಿನಲ್ಲಿ ಆಟೋದವನು ಹಾರನ್ನು ಹೊಡೆದ.

"ಹೋಗಪ್ಪಾ," ದಾದಿ ಕೂಗಿ ಹೇಳಿದಳು. "ಇವತ್ತು ಒಯ್ಯೋದು ಏನೂ ಇಲ್ಲ."

ಚಾಚಾ ತಿರುಗಿ ಆಟೋದ ಹಿಂದೆಯೇ ಹೋದರು. ಮಿರ್ಚಿ ಪೊಟ್ಟಣ ಮಂಚದ ಮೇಲೇ ಇತ್ತು. ಹಗ್ಗವನ್ನೂ ಅಲ್ಲೇ ಬಿಟ್ಟಿದ್ದರು. ಮರುದಿನ ದಾದಿ ಅದನ್ನು ಎರಡು ಸಪೋಟ ಮರಗಳ ನಡುವೆ ಬಟ್ಟೆ ಒಣಗಿಸಲು ಕಟ್ಟಿದಳು. ಅದರ ಮೇಲೆ ಮೊದಲು ಒಣಗಿದ್ದು ನಾಯಿ ಅಂಗಿ.

ಬೂದಿ ಇನ್ನೂ ಆರು ಬೇಸಿಗೆ ಬದುಕಿತು. ಬೊಗಳಲಿಲ್ಲ. ನುಗ್ಗೆ ಮರದ ಬುಡದಲ್ಲಿ ಅದಕ್ಕೆ ಗುಂಡಿ ತೆಗೆದವಳು ತಿಪ್ಪಕ್ಕ. ನಾನು ಡಿಗ್ರಿ ಓದುತ್ತಿದ್ದಾಗ ದಾದಿಯೂ ಹೋದಳು. ಈಗ ತೋಟವನ್ನು ದಾಳಿಂಬೆಗೆಂದು ಗುತ್ತಿಗೆಗೆ ಕೊಟ್ಟಿದ್ದಾರೆ. ಗೋರಂಟಿ ಬೇಲಿ ಕಿತ್ತು ತಂತಿ ಜಾಲರಿ ಹಾಕಿದ್ದಾರೆ, ಮೂಲೆಗೊಂದು ಕ್ಯಾಮೆರಾ ಇದೆ. ಅದು ನವಿಲು, ಕೋತಿ, ಮನುಷ್ಯರನ್ನೆಲ್ಲ ನೋಡುತ್ತದೆ. ಅದರ ಹೊಟ್ಟೆಗೊತ್ತಿ ಯಾವ ಕೋಳಿಮರಿಯೂ ಮಲಗುವುದಿಲ್ಲ. ಹೋದ ವರ್ಷ ಒಮ್ಮೆ ಹೋಗಿದ್ದೆ. ಜಾಲರಿಯ ಹಿಂದೆ ಅಡಗಿ ಕೂರಲು ಒಂದು ಮಗುವಿಗೂ ಜಾಗವಿಲ್ಲ. ಆ ಹೂವಿನ ಘಮಕ್ಕೆ ನನಗೆ ಬರುತ್ತಿದ್ದ ತಲೆನೋವು ಇನ್ನೊಮ್ಮೆ ಬರಲಿ ಎಂದು ಎಷ್ಟೋ ಸಲ ಅನ್ನಿಸುತ್ತದೆ.

ನಾನೀಗ ಚಿತ್ರದುರ್ಗದಲ್ಲಿ ಒಂದು ಪುಟ್ಟ ಬಾಡಿಗೆ ಮನೆಯಲ್ಲಿದ್ದೇನೆ. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಉಳಿದಂತೆ ಈಗಲೂ ಹೆಚ್ಚು ಮಾತಾಡುವುದಿಲ್ಲ. ಹಿತ್ತಲಿನಲ್ಲಿ ಕಂದು ಬಣ್ಣದ ಒಂದು ಬೀದಿ ನಾಯಿ ಇದೆ. ಹಿಂಬಾಗಿಲ ಹೊರಗೆ ಮೊಳೆಗೆ ಒಂದು ಹಳೆಯ ಕುರ್ತಾ ನೇತಾಡುತ್ತದೆ. ಹೋದ ತಿಂಗಳು ಚಾಚಾ ಬಂದಿದ್ದರು, ಕೈಯಲ್ಲಿ ಮಿರ್ಚಿ ಪೊಟ್ಟಣ. ಅವರ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಚಹಾ ಕುಡಿಯುತ್ತಾ ಹಿತ್ತಲಿನ ಕಡೆ ತುಂಬ ಹೊತ್ತು ನೋಡಿದರು.

"ಬೊಗಳ್ತದಾ ಇದು?"

"ಇಲ್ಲ."

"ಮತ್ತೆ?"

"ಬೊಗಳೋಕೆ ನಾನಿದ್ದೀನಲ್ಲ ಚಾಚಾ," ಅಂದೆ.