ಐಸಕ್ಕ ಮಾರದ ಐಸ್‌ಕ್ರೀಮ್

ನನ್ನ ಔಷಧಿ ಅಂಗಡಿಗೂ ಅವಳ ಐಸ್‌ಕ್ರೀಮ್ ಅಂಗಡಿಗೂ ನಡುವೆ ಒಂದೇ ಗೋಡೆ. ಬೀದಿಗೆಲ್ಲ ಅವಳು ಐಸಕ್ಕ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸಿ ಮಗಳನ್ನು ಓದಿಸಿದಳು. ಬಾಯಿಗೆ ಮಾತ್ರ ಬೀಗವಿರಲಿಲ್ಲ.

"ನಾನು ಸಕ್ಕರೆ ತಿನ್ನಿಸ್ತೀನಿ, ನೀನು ಅದಕ್ಕೆ ಮದ್ದು ಮಾರ್ತೀಯ. ನನ್ನಿಂದಾನೇ ನಿನ್ನ ಹೊಟ್ಟೆ ತುಂಬ್ತಿರೋದು ಕಣೇ," ಎನ್ನುವಳು.

ಹಾಗೆಂದರೂ ಸಕ್ಕರೆ ಕಾಯಿಲೆಯ ಮೇಷ್ಟ್ರಿಗೆ ಅವಳು ಒಮ್ಮೆಯೂ ಮಾರಲಿಲ್ಲ. ಅವರು ಇನ್ಸುಲಿನ್‌ಗೆಂದು ನನ್ನಲ್ಲಿಗೆ ಬಂದಾಗಲೆಲ್ಲ ಅವಳ ಮುಂದೆಯೂ ಹೋಗಿ ನಿಲ್ಲುತ್ತಿದ್ದರು.

"ಒಂದೇ ಒಂದು ಚಮಚ, ತಾಯಿ."

"ಮನೆಗೆ ಹೋಗ್ತೀರೋ, ಅಮ್ಮಾವ್ರಿಗೆ ಹೇಳ್ಲೋ?"

ಸಾಂಕ್ರಾಮಿಕದ ಬೇಸಿಗೆಯಲ್ಲಿ ಎಲ್ಲವೂ ಬಂದ್ ಆಯಿತು. ಔಷಧಿಯ ವ್ಯಾನು ವಾರಗಟ್ಟಲೆ ಬರಲಿಲ್ಲ. ಮೇಷ್ಟ್ರ ಕೊನೆಯ ಸೀಸೆ ತಳ ಕಂಡಾಗ ಅಂತೂ ಬಂತು. ಮತ್ತೆ ಯಾವಾಗಲೋ ಗೊತ್ತಿಲ್ಲವೆಂದು ಚಾಲಕ ಎರಡು ತಿಂಗಳಿಗಾಗುವಷ್ಟು ಇನ್ಸುಲಿನ್ ಇಳಿಸಿಹೋದ. ಅವತ್ತೇ ಮಧ್ಯಾಹ್ನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ರಿಪೇರಿಗೆ ಜನರಿಲ್ಲ, ಕೆಲವು ದಿನ ಹಿಡಿಯುತ್ತದೆ ಎಂದರು. ಅಷ್ಟು ಕಾಲ ಇಡಬೇಕಾದ ಔಷಧಿ ಆ ಸೆಕೆಯಲ್ಲಿ ಹೊರಗಿದ್ದರೆ ಕೆಡುತ್ತದೆ. ಅವಳ ಫ್ರೀಜರಿಗೆ ಹಾಕಿದರೆ ಹೆಪ್ಪುಗಟ್ಟಿ ಕೆಡುತ್ತದೆ. ಅವಳಲ್ಲಿ ಜನರೇಟರ್ ಇತ್ತು. ಆದರೆ ನನ್ನ ಫ್ರಿಜ್, ಅವಳ ಫ್ರೀಜರ್ ಎರಡನ್ನೂ ಎಳೆಯುವ ಶಕ್ತಿ ಅದಕ್ಕಿರಲಿಲ್ಲ. ಫ್ರೀಜರಿನಲ್ಲಿದ್ದದ್ದು ಬೇಸಿಗೆಗೆಂದು ಮಾಡಿಟ್ಟ ಅಷ್ಟೂ ಮಾಲು.

ಕೇಳಲು ಬಾಯಿ ಬಾರದೆ ಅವಳ ಬಾಗಿಲಲ್ಲಿ ನಿಂತೆ. ಅವಳು ಫ್ರೀಜರಿನ ಪ್ಲಗ್ ಕಿತ್ತಳು.

"ಏನ್ ಕಂಬದ ಥರ ನಿಂತಿದೀಯ? ವೈರ್ ಹಿಡಿ."

"ನಿನ್ನ ಮಾಲು?"

"ಐಸ್‌ಕ್ರೀಮ್ ಮತ್ತೆ ಮಾಡ್ಬಹುದು. ಮೇಷ್ಟ್ರನ್ನ ಮತ್ತೆ ಮಾಡೋಕಾಗತ್ತಾ?"

ಆಮೇಲೆ ಮಾಸ್ಕ್ ಹಾಕಿಕೊಂಡು ಬೀದಿಗಿಳಿದು ಕೂಗಿದಳು: "ಐಸ್‌ಕ್ರೀಮ್ ಪುಕ್ಕಟೆ! ಪಾತ್ರೆ ಹೊಸಿಲಾಚೆ ಇಡಿ! ಸಕ್ಕರೆ ಕಾಯಿಲೆಯೋರು ಕಿಟಕಿ ಹಾಕ್ಕೊಳ್ಳಿ!" ಮೇಷ್ಟ್ರ ಹೆಂಡತಿಯ ಬಟ್ಟಲು ತುಂಬಿಸಿ, "ಇಲ್ಲೇ ನಿಂತು ತಿನ್ನಿ ಅಮ್ಮಾ, ನಾನು ನೋಡ್ಬೇಕು," ಎಂದು ಕಾದು ನಿಂತಳು.

ಔಷಧಿ ಉಳಿಯಿತು. ಆ ವರ್ಷವೆಲ್ಲ ಅವಳು ಸೋಡಾ ಮಾರಿ ದಿನ ದೂಡಿದಳು. ಆ ಮಾತೆತ್ತಿದರೆ ರೇಗುತ್ತಿದ್ದಳು.

ಕಳೆದ ತಿಂಗಳು ಹೃದಯಾಘಾತವಾಗಿ ಹೋಗಿಬಿಟ್ಟಳು. ಗೋಡೆಯಾಚೆ ಫ್ರೀಜರಿನ ಸದ್ದಿಲ್ಲ, ನನಗಿನ್ನೂ ಅಭ್ಯಾಸವಾಗಿಲ್ಲ.

ನಿನ್ನೆ ಮೇಷ್ಟ್ರು ಇನ್ಸುಲಿನ್ ತೆಗೆದುಕೊಂಡು, ಎಂದಿನಂತೆ ಹೋಗಿ ಆ ಮುಚ್ಚಿದ ಬಾಗಿಲ ಮುಂದೆ ನಿಂತರು. ಆಮೇಲೆ ನನ್ನತ್ತ ತಿರುಗಿದರು.

"ಆಚೆ ಬೀದಿ ಐಸ್‌ಕ್ರೀಮ್ ಅಂಗಡಿಯೋನು ಕೇಳಿದ ತಕ್ಷಣ ಕೊಟ್ಬಿಟ್ಟ ಕಣಮ್ಮ," ಎಂದರು. "ತಿನ್ನೋಕೆ ಮನಸ್ಸು ಬರ್ಲಿಲ್ಲ."